ಅಮ್ಮ ನೀರು ಕುಡಿಯೋದು ಬಿಟ್ಟಿದ್ದು ಯಾಕೆ?

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹಾಸಿಗೆ ಹಿಡಿದ ಹಿರಿಯರಿರುವ ಇಂಥ ಮನೆಗಳಿಂದ ನನಗೆ ಫೋನ್ ಬರೋದು ಈಚೆಗೆ ಜಾಸ್ತಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತಾಯಿಗೆ ಎಪ್ಪತ್ತು ದಾಟಿದೆ. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಮಾತು ಸ್ವಲ್ಪ ತೊದಲುತ್ತದೆ, ಬುದ್ಧಿ ಮಾತ್ರ ಚುರುಕು. ಮಗ, ಸೊಸೆ ಬೇರೆ ಊರಲ್ಲಿ ಕೆಲಸದಲ್ಲಿದ್ದಾರೆ. ನೋಡಿಕೊಳ್ಳೋಕೆ ಏಜೆನ್ಸಿಯಿಂದ 24 ಗಂಟೆಯೂ ಇರುವ ಹುಡುಗಿ. ಮಂಚದ ಎದುರಿಗೆ ಕ್ಯಾಮೆರಾ. ಊಟ, ಮಾತ್ರೆ, ಡೈಪರ್, ಮಗ್ಗುಲು ಬದಲಿಸಿದ ಹೊತ್ತು ಎಲ್ಲವೂ ದಿನಾ ವಾಟ್ಸಾಪ್‌ನಲ್ಲಿ ಬರುತ್ತಿತ್ತು. ಆದರೂ ಮೂತ್ರದ ಸೋಂಕು ಮತ್ತೆ ಮತ್ತೆ. ಮಗ ಇಬ್ಬರು ಹುಡುಗಿಯರನ್ನು ಬಿಡಿಸಿ, ಮೂರನೆಯವಳೂ ಸರಿಯಿಲ್ಲ ಅಂತ ದೂರು ಕೊಟ್ಟು, ನನ್ನ ಹತ್ತಿರ ಬಂದರು. “ಅಮ್ಮ ನೀರೇ ಕುಡಿಯಲ್ಲ, ಬರೀ ಹಟ. ನೀವಾದ್ರೂ ಸ್ವಲ್ಪ ಹೇಳಿ.”

ತಾಯಿಯ ಜೊತೆ ಒಬ್ಬಳೇ ಮಾತಾಡಬೇಕು, ಆ ಹೊತ್ತು ಕ್ಯಾಮೆರಾ ಇರಬಾರದು ಎಂದೆ. ಮಗ ಅರೆಮನಸ್ಸಿನಿಂದ ಒಪ್ಪಿದರು. ಹುಡುಗಿಯನ್ನು ಹೊರಗೆ ಕಳಿಸಿ ಪ್ಲಗ್ ಕಿತ್ತೆ. ತಾಯಿ ಗೋಡೆಯನ್ನೇ ನೋಡುತ್ತಿದ್ದರು.

“ಲೈಟು ಆರಿತಾ?”

ಕ್ಯಾಮೆರಾದ ಲೈಟು ಆರಿದೆ ಎಂದೆ. ಆಮೇಲೆ ನಿಧಾನಕ್ಕೆ ಹೇಳಿದರು: “ನೀರು ಕುಡಿದ್ರೆ ಒದ್ದೆ ಆಗುತ್ತಮ್ಮ. ಒದ್ದೆ ಆದ್ರೆ ಬಿಚ್ಚಿ ಬದಲಾಯಿಸಬೇಕು. ಅದನ್ನ ಅವನು ಅಲ್ಲಿಂದ ನೋಡ್ತಾನೆ.”

ಹುಡುಗಿ ಹೇಗೆ ಎಂದು ಕೇಳಿದೆ. “ಇವಳು ಒಳ್ಳೆಯವಳು. ಬದಲಾಯಿಸುವಾಗ ಬೆಡ್‌ಶೀಟು ಅಡ್ಡ ಹಿಡೀತಾಳೆ. ಹಿಡಿದ ತಕ್ಷಣ ಫೋನ್ ಬರುತ್ತೆ. ಯಾಕೆ ಮರೆ ಮಾಡ್ದೆ, ಏನು ಮಾಡ್ತಿದ್ದೀಯ ಅಂತ ಬೈತಾನೆ. ಈಗ ಹಿಡಿಯಲ್ಲ.”

ಮಗನ ದೂರಿನಲ್ಲಿ ಮೊದಲನೇ ತಪ್ಪು ಅದೇ ಆಗಿತ್ತು: ‘ಕ್ಯಾಮೆರಾಗೆ ಅಡ್ಡ ಹಿಡಿಯುತ್ತಾಳೆ.’ ಆ ಕೋಣೆಯಲ್ಲಿ ಅಷ್ಟು ದಿನ ನಡೆದ ಒಳ್ಳೆಯ ಆರೈಕೆ ಅಂದರೆ ಅದೊಂದೇ ಅಂತ ನನಗನ್ನಿಸಿತು.

ತಾಯಿಯನ್ನು ಕೇಳಿ, ಅವರು ಒಪ್ಪಿದ ಮೇಲೇ ಮಗನಿಗೆ ಹೇಳಿದೆ. ಕ್ಯಾಮೆರಾ ಮಂಚದ ಕಡೆ ಬೇಡ, ಮನೆಬಾಗಿಲ ಕಡೆ ತಿರುಗಿಸಿ ಎಂದೆ. ಅವರ ಮುಖ ಕೆಂಪಾಯಿತು. “ಹಾಗಾದ್ರೆ ಅಮ್ಮನ ಮೇಲೆ ಯಾರಾದ್ರೂ ಕೈ ಮಾಡಿದ್ರೆ ನಂಗೆ ಹೇಗೆ ಗೊತ್ತಾಗುತ್ತೆ?”

ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಹೊಡೆಯೋದು, ಉಪವಾಸ ಕೆಡವೋದು ನಡೆಯುತ್ತದೆ. ನನ್ನ ಸಲಹೆ ಅಪಾಯದ್ದು ಅಂತ ಹೇಳಿದವರೂ ಇದ್ದಾರೆ. ಆದರೂ ನಾನು ಬದಲಿಸಲ್ಲ. ಬುದ್ಧಿ ಸರಿಯಿರುವ ಹೆಂಗಸನ್ನು ಕೇಳದೆ, ಅವಳ ಬೆತ್ತಲೆ ಮೈಯನ್ನು ಮಗನ ಫೋನಿಗೆ ಕಳಿಸೋದು ಕಾವಲಲ್ಲ. ಅದೂ ಒಂದು ಹಿಂಸೆಯೇ.

ಇಂಗ್ಲೆಂಡಿನಲ್ಲಿ ಮನೆ ಆರೈಕೆಯ ಏಜೆನ್ಸಿಗಳನ್ನು ಕೇರ್ ಕ್ವಾಲಿಟಿ ಕಮಿಷನ್ ಪರಿಶೀಲಿಸುತ್ತದೆ. ಸುರಕ್ಷಿತವಾಗಿದೆಯಾ, ಉಪಯೋಗ ಆಗ್ತಿದೆಯಾ, ಅಕ್ಕರೆ ಇದೆಯಾ, ಅವರ ಅಗತ್ಯಕ್ಕೆ ಸ್ಪಂದಿಸ್ತಾರಾ, ಸಂಸ್ಥೆ ಸರಿಯಾಗಿ ನಡೀತಿದೆಯಾ ಅಂತ ಐದು ಪ್ರಶ್ನೆ. ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳ ಹೊಣೆಯ ಬಗ್ಗೆ ಹೇಳುತ್ತದೆ. ಆದರೆ ನಮ್ಮಲ್ಲಿ ಹಾಸಿಗೆ ಹಿಡಿದವರಿಗೆ ಸ್ನಾನ ಹೇಗೆ ಮಾಡಿಸಿದರು ಅಂತ ನೋಡೋದು ಮಾತ್ರ ಮನೆಯವರೇ. ಹಾಗಾಗಿ ಎಲ್ಲಿ ನೋಡಬೇಕು ಅನ್ನೋದು ಅವರಿಗೆ ಗೊತ್ತಿರಬೇಕು.

ಮೈ ನೋಡಿ ಎಂದೆ. ಮಗನಲ್ಲ, ಸೊಸೆಯೋ ನರ್ಸೋ, ತಾಯಿಯ ಒಪ್ಪಿಗೆ ಕೇಳಿ. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಕೆಳತುದಿ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿದಾಗ ಬೆಳ್ಳಗಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಲ್ಲ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ ಅಂತ ಚಾರ್ಟಿನಲ್ಲಿ ಯಾರು ಬೇಕಾದ್ರೂ ಬರೆಯಬಹುದು. ಹಿಮ್ಮಡಿ ಸುಳ್ಳು ಹೇಳಲ್ಲ. ಬಾಯಿ ತೆರೆಸಿ ನಾಲಿಗೆ ನೋಡಿ. ಉಗುರು ನೋಡಿ. ಹೇಳದೆ ಕೇಳದೆ ಬನ್ನಿ, ಪಕ್ಕದ ಮನೆಯವರಿಗೂ ಆಗಾಗ ಬಂದುಹೋಗಲು ಹೇಳಿ. ಹುಡುಗಿ ಇಲ್ಲದಾಗ ಅಮ್ಮನನ್ನು ಕೇಳಿ. ಮಾತಾಡಲಾಗದವರಾದರೆ, ಅವಳ ಕೈ ಹತ್ತಿರ ಬಂದಾಗ ಮೈ ಬಿಗಿಯಾಗುತ್ತದಾ ನೋಡಿ. ಅನುಮಾನ ಬಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು ಮಗನಿಗೆ ಹಿಡಿಸಲಿಲ್ಲ. ಈ ಹುಡುಗಿ ಯಾವಾಗ ಮಲಗುತ್ತಾಳೆ ಎಂದು ಕೇಳಿದೆ. ರಾತ್ರಿ ಪೂರ್ತಿ ಎದ್ದು ಮಗ್ಗುಲು ಬದಲಿಸುವವಳೇ ಹಗಲೂ ಅಡುಗೆ, ಸ್ನಾನ ಎಲ್ಲ ಮಾಡಿದರೆ ಅವಳ ಕೈಯಲ್ಲಿ ತಾಳ್ಮೆ ಎಷ್ಟು ಉಳಿದೀತು? ಹಗಲಿಗೆ ಇನ್ನೊಬ್ಬರನ್ನಿಡಲು ದುಡ್ಡಿಲ್ಲ ಎಂದರು. ಮಧ್ಯಾಹ್ನದ ಹೊತ್ತು ಮಾತ್ರ ಒಬ್ಬರು ಬರಲಿ, ಇವಳು ಬಾಗಿಲು ಹಾಕಿಕೊಂಡು ಮಲಗಲಿ ಅಂತ ಸೊಸೆಯೇ ದಾರಿ ಹುಡುಕಿದರು.

ಕ್ಯಾಮೆರಾ ಬಾಗಿಲ ಕಡೆ ತಿರುಗಿತು. ನೀರಿನ ಲೋಟವನ್ನು ತಾಯಿ ಬಲಗೈಯಲ್ಲಿ ತಾವೇ ಎತ್ತಿಕೊಳ್ಳಲು ಶುರು ಮಾಡಿದರು. ಎಷ್ಟು ಕುಡಿಯಬೇಕು ಅನ್ನೋದನ್ನು ಡಾಕ್ಟರ್ ಹೇಳಿದ್ದಾರೆ. ಮಗನ ದೂರಿನಿಂದ ಏಜೆನ್ಸಿ ಹುಡುಗಿಯ ಸಂಬಳ ಹಿಡಿದಿತ್ತು. ದೂರು ವಾಪಸ್ ತಗೊಂಡರೆ ಸಾಲದು, ಆ ದುಡ್ಡು ಅವಳ ಕೈಗೆ ಬಂತಾ ಅಂತ ನೀವೇ ಕೇಳಿ ತಿಳ್ಕೊಳ್ಳಿ ಎಂದು ಹೇಳಿ ಕಳಿಸಿದೆ.