ಸವರಿದ ಮೇಲೆ ಗುಲಾಬಿ ಕೊಂಬೆ ತುದಿಯಿಂದ ಕಪ್ಪಾಗಿ ಒಣಗುತ್ತಿದೆ, ಯಾವ ಔಷಧಿ ಹೊಡೆಯಲಿ?

ಔಷಧಿ ಆಮೇಲೆ. ಮೊದಲು ಕತ್ತರಿ ತಗೊಳ್ಳಿ. ಇದು ಡೈಬ್ಯಾಕ್, ತುದಿ ಒಣಗುವ ರೋಗ. ದಾವಣಗೆರೆಯ ನಮ್ಮ ಹಿತ್ತಿಲಲ್ಲಿ ಒಳ್ಳೆ ಪನ್ನೀರು ಗುಲಾಬಿ ಗಿಡವೊಂದು ಇದರಿಂದಲೇ ಬುಡದವರೆಗೂ ಹೋಯಿತು.

ಅದಕ್ಕೆ ಕಾರಣ ನಾನು ಬಿಟ್ಟ ಮೋಟು. ಮಳೆಗಾಲ ಮುಗಿದ ಮೇಲೆ ಗಿಡ ಸವರಿದೆ. ಕಣ್ಣಿನ, ಅಂದರೆ ಚಿಗುರು ಒಡೆಯುವ ಗಂಟಿನ, ಹತ್ತಿರ ಕತ್ತರಿಸಿದರೆ ಚಿಗುರಿಗೆ ಪೆಟ್ಟು ಬೀಳುತ್ತದೆ ಅಂತ ಮೇಲೆ ಬೆರಳುದ್ದ ಕಡ್ಡಿ ಉಳಿಸಿದೆ. ಆ ಕಡ್ಡಿಯಲ್ಲಿ ಎಲೆ ಇಲ್ಲ, ಚಿಗುರೂ ಇಲ್ಲ. ರಸ ಎಳೆದುಕೊಳ್ಳಲು ಏನೂ ಇಲ್ಲದ ಮೇಲೆ ಅದು ಒಣಗಲೇಬೇಕು ಅಲ್ವಾ? ಒಣಗಿದ ಮೋಟಿನಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ, ಅಲ್ಲಿಂದ ಜೀವ ಇರುವ ಕೊಂಬೆಗೆ ಇಳಿಯುತ್ತದೆ. ಒಂದೊಂದು ಕೊಂಬೆಗೂ ಒಂದೊಂದು ಮೋಟು ಬಿಟ್ಟಿದ್ದೆ, ಎಲ್ಲ ಕಡೆಯಿಂದಲೂ ಇಳಿಯಿತು. ನೀರು ಸಾಲದೇನೋ ಅಂತ ಜಾಸ್ತಿ ನೀರು ಬೇರೆ ಹಾಕಿದೆ. ನಮ್ಮದು ಎರೆಮಣ್ಣು, ನೀರು ಬೇಗ ಬಸಿಯುವುದಿಲ್ಲ, ಬೇರೂ ಸೊರಗಿತು.

ನೀವು ಕಪ್ಪಾದ ಜಾಗಕ್ಕಿಂತ ಒಂದೆರಡು ಇಂಚು ಕೆಳಗೆ ಕತ್ತರಿಸಿ, ಕಡಿದ ಮುಖ ನೋಡಿ. ನಡುವಿನ ತಿರುಳು ಕಂದಾಗಿದ್ದರೆ ಇನ್ನೂ ಕೆಳಗೆ ಹೋಗಿ. ತಿರುಳು ಬೆಳ್ಳಗೆ, ಸುತ್ತ ತೊಗಟೆ ಹಸಿರಾಗಿ ಕಾಣಬೇಕು. ಅಯ್ಯೋ ಗಿಡ ಗಿಡ್ಡ ಆಯ್ತು ಅಂತ ಮರುಗಬೇಡಿ. ಕೊನೆಯ ಕಡಿತ ಹೊರಮುಖವಾಗಿರುವ ಕಣ್ಣಿನ ಮೇಲೆ ಕಾಲು ಇಂಚಿನಲ್ಲಿ, ಓರೆಯಾಗಿ ಇರಲಿ. ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಕಡಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಸುಟ್ಟುಬಿಡಿ.

ಆಮೇಲೆ ಗಾಯಕ್ಕೆ ಬೋರ್ಡೋ ಮುಲಾಮು. ಚನ್ನಗಿರಿ ಕಡೆ ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಹೊಡೆಯುವ ಬೋರ್ಡೋನೇ, ಇದು ಗಟ್ಟಿ ಅಷ್ಟೇ. 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ ಕರಗಿಸಿ, ಎರಡನ್ನೂ ಒಟ್ಟಿಗೆ ಮೂರನೇ ಪಾತ್ರೆಗೆ ಸುರಿಯಿರಿ. ಪ್ಲಾಸ್ಟಿಕ್ ಬಕೆಟ್ಟೇ ಬೇಕು, ಕಬ್ಬಿಣದ್ದು ಬೇಡ. ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅಂದೇ ಬ್ರಷ್‌ನಿಂದ ಹಚ್ಚಿ, ಇಟ್ಟರೆ ಕೆಡುತ್ತದೆ.

ಸಿಂಪಡಿಸಲೇಬೇಕು ಅಂದರೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ಶಿಲೀಂಧ್ರನಾಶಕ ಪುಡಿ, ಲೀಟರ್ ನೀರಿಗೆ 3 ಗ್ರಾಂ. ಒಣಗಿದ ಕೊಂಬೆ ಉಳಿಸಿಕೊಂಡು ಸುಮ್ನೆ ಅದನ್ನೇ ಹೊಡೆಯುತ್ತಿದ್ದರೆ ದುಡ್ಡು ದಂಡ. ಹೊಸ ಚಿಗುರು ಬರುವವರೆಗೂ ಗೊಬ್ಬರ ಹಾಕಬೇಡಿ.

ನಿಮ್ಮದು ಕಸಿ ಗಿಡವಾಗಿದ್ದು, ಕಪ್ಪು ಕಸಿ ಗಂಟನ್ನೂ (ಬುಡದ ಹತ್ತಿರ ಕಸಿ ಕೂಡಿಸಿದ ಜಾಗ) ದಾಟಿ ಕೆಳಗಿಳಿದಿದ್ದರೆ ಕಿತ್ತುಬಿಡಿ. ಅದರ ಕೆಳಗಿಂದ ಚಿಗುರುವುದು ಕಾಡು ಗುಲಾಬಿ, ನೀವು ತಂದ ಗಿಡ ಅಲ್ಲ.