ಹಾಳಾದ ಮಯಲಿನ್ ಹೊದಿಕೆ ಮತ್ತೆ ಮೂಡುತ್ತದೆಯೇ?

ಪ್ರಶ್ನೆ: ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಮಿದುಳಿನ ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಹಾಳಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಇದನ್ನು ಕಟ್ಟುವ ಕೋಶಗಳು ಯಾವುವು? ಒಮ್ಮೆ ಹೋದದ್ದು ಮತ್ತೆ ಬರುತ್ತದೆಯೇ?

ಉತ್ತರ: ಬರುತ್ತದೆ. ಆದರೆ ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿ ಅಲ್ಲ, ಮೊದಲಿನಷ್ಟು ದಪ್ಪವಾಗಿಯೂ ಅಲ್ಲ.

ಮಿದುಳು ಮತ್ತು ಬೆನ್ನುಹುರಿಯಲ್ಲಿ ಈ ಹೊದಿಕೆಯನ್ನು ಕಟ್ಟುವುದು ಆಲಿಗೋಡೆಂಡ್ರೋಸೈಟ್ ಎಂಬ ಪೋಷಕ ಕೋಶ. ಸ್ಪೇನಿನ ವಿಜ್ಞಾನಿ ಪಿಯೊ ದೆಲ್ ರಿಯೊ ಒರ್ತೆಗಾ 1921ರಲ್ಲಿ ಇದಕ್ಕೆ ಹೆಸರಿಟ್ಟರು. ಒಂದೇ ಕೋಶವು ಹತ್ತಾರು ಕವಲುಗಳನ್ನು ಚಾಚಿ, ಒಂದೊಂದು ಕವಲಿನಿಂದ ನರತಂತುವಿನ ಒಂದೊಂದು ಭಾಗವನ್ನು ಸುತ್ತುತ್ತದೆ. ಗಾಯಕ್ಕೆ ಪಟ್ಟಿ ಕಟ್ಟುವಾಗ ಹೊಸ ಸುತ್ತು ಮೇಲೆ ಬರುತ್ತದೆಯಲ್ಲವೇ? ಇಲ್ಲಿ ಅದಕ್ಕೆ ತದ್ವಿರುದ್ಧ: ಪೊರೆಯ ಒಳ ಅಂಚು ಹಳೆಯ ಸುತ್ತುಗಳ ಅಡಿಯಲ್ಲಿ, ತಂತುವಿಗೆ ಅಂಟಿಕೊಂಡೇ ನುಸುಳುತ್ತಾ ಸಾಗುತ್ತದೆ. ಆಮೇಲೆ ಮಯಲಿನ್ ಬೇಸಿಕ್ ಪ್ರೋಟೀನು ಪದರಗಳ ನಡುವಿನ ದ್ರವವನ್ನು ಹೊರದೂಡಿ ಅವನ್ನು ಒತ್ತಾಗಿ ಬೆಸೆಯುತ್ತದೆ. ಎರಡು ಹೊದಿಕೆಗಳ ನಡುವೆ ಉಳಿಯುವ ಕಿರಿದಾದ ಬರಿಜಾಗಗಳಲ್ಲಿ ಸಂಕೇತವು ಜಿಗಿಯುತ್ತಾ ಹೋಗುವುದರಿಂದಲೇ ಅದಕ್ಕೆ ಅಷ್ಟು ವೇಗ.

ಕಟ್ಟಿದ ಮೇಲೂ ಈ ಕೋಶದ ಕೆಲಸ ಮುಗಿಯುವುದಿಲ್ಲ. ಅದು ಹೊದಿಕೆಯ ಕೊಬ್ಬು, ಪ್ರೋಟೀನುಗಳನ್ನು ನಿಧಾನವಾಗಿ ಬದಲಿಸುತ್ತಿರುತ್ತದೆ. ನರತಂತುವಿಗೆ ಶಕ್ತಿಗಾಗಿ ಲ್ಯಾಕ್ಟೇಟನ್ನೂ ಒದಗಿಸುತ್ತದೆ. ಹೀಗಾಗಿ ಹೊದಿಕೆ ಹೋದರೆ ವೇಗ ಕುಗ್ಗುವುದಷ್ಟೇ ಅಲ್ಲ, ಕಾಲ ಕಳೆದಂತೆ ತಂತುವೇ ನಶಿಸಬಹುದು. ನನ್ನ ದೃಷ್ಟಿಯಲ್ಲಿ ಹೆಚ್ಚು ಭಯಪಡಬೇಕಾದದ್ದು ಇದಕ್ಕೆ, ಏಕೆಂದರೆ ಮಿದುಳಿನಲ್ಲಿ ನಶಿಸಿದ ತಂತು ಮತ್ತೆ ಬೆಳೆಯುವುದಿಲ್ಲ.

ದುರಸ್ತಿಯ ಹೊಣೆ ಬಹುಮಟ್ಟಿಗೆ ಹೊಸ ಕೋಶಗಳದ್ದು. ವಯಸ್ಕರ ಮಿದುಳಿನಲ್ಲಿಯೂ ಆಲಿಗೋಡೆಂಡ್ರೋಸೈಟುಗಳ ಪೂರ್ವಕೋಶಗಳು ಎಲ್ಲೆಡೆ ಹರಡಿಕೊಂಡಿರುತ್ತವೆ. ಹಾನಿಯಾದ ಕಡೆಗೆ ಅವು ಸಾಗಿ, ವಿಭಜನೆಗೊಂಡು, ಬಲಿತು ಹೊಸ ಹೊದಿಕೆ ಕಟ್ಟುತ್ತವೆ. ಅದಕ್ಕೆ ಮುನ್ನ ಮಿದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾ ಹಳೆಯ ಮಯಲಿನ್‌ನ ಚೂರುಗಳನ್ನು ನುಂಗಿ ಜಾಗ ತೆರವು ಮಾಡಬೇಕು. ಚೂರುಗಳು ಉಳಿದರೆ ಪೂರ್ವಕೋಶಗಳು ಬಲಿಯುವುದಕ್ಕೆ ಅಡ್ಡಿಯಾಗುತ್ತದೆ. ಎಷ್ಟೋ ಹಳೆಯ ಗಾಯಗಳಲ್ಲಿ ಪೂರ್ವಕೋಶಗಳು ಇದ್ದೂ ಬಲಿಯದೆ ನಿಂತುಬಿಟ್ಟಿರುತ್ತವೆ. ವಯಸ್ಸಾದಂತೆ ಚೂರುಗಳ ತೆರವು, ಪೂರ್ವಕೋಶಗಳ ಬಲಿಯುವಿಕೆ ಎರಡೂ ನಿಧಾನವಾಗುತ್ತವೆ. ಹೊಸದಾಗಿ ಬಂದ ಹೊದಿಕೆ ತೆಳುವಾಗಿ, ಅದರ ತುಂಡುಗಳು ಮೋಟಾಗಿ ಇದ್ದರೂ ಸಂಕೇತವನ್ನು ಚೆನ್ನಾಗಿಯೇ ದಾಟಿಸಬಲ್ಲದು.

ಈಗ ಬಳಕೆಯಲ್ಲಿರುವ ಔಷಧಗಳು ಮುಖ್ಯವಾಗಿ ಈ ರೋಗದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಯಲಿನ್ ಮೇಲೆ ನಡೆಸುವ ದಾಳಿಯನ್ನು ತಡೆಯುತ್ತವೆ. ಹೊದಿಕೆ ಕಟ್ಟುವುದನ್ನು ಚುರುಕುಗೊಳಿಸುವ ಔಷಧಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಆದ್ದರಿಂದ ಲಕ್ಷಣಗಳು ತಗ್ಗಿದವೆಂದು ನಿಮ್ಮ ತಂಗಿ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸದಂತೆ ದಯವಿಟ್ಟು ನೋಡಿಕೊಳ್ಳಿ.