ಥೆರಪಿ ಕೊಠಡಿಯ ಹೊರಗೆ ಕೂರುವ ಹೆತ್ತವರಿಗೆ

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗನಿಗೆ ಆಟಿಸಂ ಇರುವುದು ಕಳೆದ ವರ್ಷ ತಿಳಿಯಿತು. ವಾರಕ್ಕೆ ಮೂರು ದಿನ ಥೆರಪಿಗೆ ಕರೆದೊಯ್ಯುತ್ತೇವೆ. ನಮ್ಮನ್ನು ಹೊರಗೆ ಕೂರಿಸುತ್ತಾರೆ. ಅಲ್ಲಿ ಕಲಿತದ್ದನ್ನು ಅವನು ಮನೆಯಲ್ಲಿ ಮಾಡುವುದಿಲ್ಲ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಿದರೆ ಅತ್ತೆಯವರು ಹಟ ಎನ್ನುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಬೇಕೆಂಬ ಸಲಹೆಯೂ ಬಂದಿದೆ. ಏನು ಮಾಡಲಿ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಆಟಿಸಂ ಇರುವ ಅನೇಕ ಮಕ್ಕಳಿಗೆ ಕಷ್ಟ. ಆದ್ದರಿಂದ ನಿಮ್ಮ ಮಗ ಮನೆಯಲ್ಲಿ ಮಾಡದಿರುವುದು ಅವನ ತಪ್ಪೂ ಅಲ್ಲ, ನಿಮ್ಮದೂ ಅಲ್ಲ. ವಾರಕ್ಕೊಮ್ಮೆಯಾದರೂ ಒಳಗೆ ಕುಳಿತು ನೋಡಲು, ಥೆರಪಿಸ್ಟರ ಎದುರಿಗೇ ನೀವೂ ಮಾಡಿ ತಿದ್ದಿಸಿಕೊಳ್ಳಲು ಅವಕಾಶ ಕೇಳಿ. ಸಕಾರಣವಿಲ್ಲದೆ ಒಪ್ಪದಿದ್ದರೆ ಬೇರೆ ಕೇಂದ್ರ ಹುಡುಕುವುದು ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದ ಅಧ್ಯಯನವೊಂದರಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ಹೆತ್ತವರಿಗೆ ಮಾರ್ಗದರ್ಶನ ನೀಡಿದಾಗ, ಮಕ್ಕಳು ತಾವಾಗಿಯೇ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು.

ಮನೆಯನ್ನು ಇನ್ನೊಂದು ಕ್ಲಿನಿಕ್ ಮಾಡಬೇಡಿ. ದಿನವೂ ನಡೆಯುವ ಒಂದು ಕೆಲಸ ಸಾಕು. ಬೆಳಿಗ್ಗೆ ದೋಸೆ ಹಾಕುವಾಗ ಒಂದು ಚಿಕ್ಕ ತುಂಡು ಕೊಟ್ಟು, ಮುಂದಿನ ತುಂಡನ್ನು ಅವನ ಕಣ್ಣಿಗೆ ಕಾಣುವಂತೆ ಹಿಡಿದು, ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಅವನು ನೋಡಿದರೂ, ಕೈ ಚಾಚಿದರೂ, ನಿಮ್ಮ ಸೆರಗು ಎಳೆದರೂ ಅದು ಮಾತೇ. "ದೋಸೆ ಬೇಕು" ಎಂದು ಅವನ ಪರವಾಗಿ ನೀವೇ ಹೇಳಿ, ಕೂಡಲೇ ಕೊಡಿ. "ಹೇಳಿದರೆ ಮಾತ್ರ ಕೊಡುತ್ತೇನೆ" ಎಂದು ಹಸಿದ ಮಗುವನ್ನು ಕಾಯಿಸಬಾರದು.

ಕಿವಿ ಮುಚ್ಚಿಕೊಳ್ಳುವುದು ಹಟವಲ್ಲ. ನಮಗೆ ಸಾಮಾನ್ಯವಾದ ಸದ್ದು ಅವನಿಗೆ ನಿಜವಾಗಿಯೂ ತಡೆಯಲಾಗದಂತಿರಬಹುದು. ಮಿಕ್ಸಿ ಹಾಕುವ ಮುನ್ನ ಅವನಿಗೆ ಹೇಳಿ, ಬೇರೆ ಕೋಣೆಗೆ ಕಳುಹಿಸಿ ಅಥವಾ ಸದ್ದು ತಗ್ಗಿಸುವ ಹೆಡ್‌ಫೋನ್ ಹಾಕಿ. ಇದನ್ನು ನೀವು ಅತ್ತೆಯವರಿಗೆ ಹೇಳಿದರೆ ವಾದವಾಗಬಹುದು. ಅವರನ್ನೇ ಒಮ್ಮೆ ಜೊತೆಗೆ ಕರೆದೊಯ್ದು ಥೆರಪಿಸ್ಟರಿಂದ ಹೇಳಿಸಿ. ಮನೆಯಲ್ಲಿ ಕೆಲಸ ಹಂಚಿಕೊಳ್ಳುವಾಗ ಮಗುವಿನ ತಂದೆಯ ಹೆಸರೂ ಇರಲಿ.

ಇಂಗ್ಲಿಷ್ ಮಾತ್ರ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದುಳಿಯುತ್ತದೆ ಎಂದು ಈವರೆಗಿನ ಸಂಶೋಧನೆಗಳು ತೋರಿಸಿಲ್ಲ. ಕನ್ನಡ ನಿಲ್ಲಿಸಿದರೆ, ಅವನೊಡನೆ ದಿನವಿಡೀ ಇರುವ ಅಜ್ಜಿಯೇ ಮಾತು ಕಡಿಮೆ ಮಾಡಿಬಿಡುತ್ತಾರೆ, ಅದು ದೊಡ್ಡ ನಷ್ಟ. ನೀವು ಮುದ್ದಿಸುವ, ಗದರುವ ಭಾಷೆಯಲ್ಲೇ ಮಾತಾಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದ್ದು, ಥೆರಪಿಯ ವೆಚ್ಚವೂ ಮಿತಿಗೊಳಪಟ್ಟು ಅದರಲ್ಲಿ ಸೇರುತ್ತದೆ. ಈಗಿನ ಥೆರಪಿಯ ಬಗ್ಗೆ ಅನುಮಾನವಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ. ಹೋಗುವಾಗ ಹಳೆಯ ವರದಿಗಳ ಜೊತೆಗೆ, ಮನೆಯಲ್ಲಿ ಅವನು ಆಡುವ ಒಂದೆರಡು ನಿಮಿಷದ ವಿಡಿಯೋವನ್ನೂ ಮೊಬೈಲಿನಲ್ಲಿ ಒಯ್ಯಿರಿ.